ಅಟ್ಟದ ಮೇಲಿನ ದ್ರಾಕ್ಷಿ

ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್ ಎಂದು ಮಂಗಳೂರು ಪೇಟೆಯ ಧಾರಣೆ ಪಟ್ಟಿಯಲ್ಲಿ ಮೂರು ಸಾಲುಗಳಿರುವುದು ನಮ್ಮ ಸದಸ್ಯರಿಗೆಲ್ಲ ಗೊತ್ತಿರುವ ವಿಷಯ. ಒಂದೇ ತೋಟದ ಅಡಿಕೆ, ಒಂದೇ ಅಂಗಳದಲ್ಲಿ ಒಣಗಿದ ಚಾಲಿ. ಒಂದು ಮಳೆಗಾಲ ದಾಟಿದರೆ ಒಂದು ಬೆಲೆ, ಎರಡು ದಾಟಿದರೆ ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ಬೆಲೆ. ಕಾಯಬಲ್ಲವನಿಗೆ ಪೇಟೆ ಕೊಡುವ ಕೂಲಿ ಅದು. ಕಾಯಲಾಗದವನ ಕಥೆಯೂ ನಮಗೆ ಗೊತ್ತು. ಮಗಳ ಮದುವೆಯ ವರ್ಷ ನಾನೇ ಇಡೀ ಬೆಳೆಯನ್ನು ಅಂಗಳದಿಂದಲೇ ತೂಗಿ ಕೊಟ್ಟವನು. ಅದನ್ನು ಕೊಂಡ ವ್ಯಾಪಾರಿ ಮರುವರ್ಷ ಅದೇ ಮೂಟೆಗಳನ್ನು ಯಾವ ಬೆಲೆಗೆ ಮಾರಿದನೆಂದು ನಾನು ವಿಚಾರಿಸಲು ಹೋಗಲಿಲ್ಲ. ವಿಚಾರಿಸದಿದ್ದರೂ ಸುದ್ದಿ ತಾನಾಗಿ ಬಂತು.

ಈ ವಿಚಾರ ಮತ್ತೆ ನನ್ನ ತಲೆಗೆ ಹೊಕ್ಕದ್ದು ಕಾಫಿಯಾಗಲಿ ಅಡಿಕೆಯಾಗಲಿ ಪ್ರಧಾನವಲ್ಲದ ಸೀಮೆಯಲ್ಲಿ. ಕಳೆದ ಮಾರ್ಚ್ ತಿಂಗಳಲ್ಲಿ ಸಂಘದ ಇಬ್ಬರು ನಿರ್ದೇಶಕರೊಡನೆ ಚಿಕ್ಕೋಡಿ ಸೀಮೆಯ ಏಕಸಂಬಿಗೆ ಹೋಗಿದ್ದೆ. ಬೀರೇಶ್ವರ ಪತ್ತಿನ ಸಹಕಾರ ಸಂಘದಿಂದಾಗಿ ಆ ಊರಿನ ಹೆಸರು ಸಹಕಾರ ಕ್ಷೇತ್ರದವರಿಗೆ ಪರಿಚಿತ. ಅಲ್ಲಿ ಏನು ಕಂಡೆವೆಂಬುದನ್ನು ಆಡಳಿತ ಮಂಡಳಿಯ ವರದಿಯಲ್ಲಿ ಒಪ್ಪಿಸಿದ್ದೇವೆ, ಇಲ್ಲಿ ಅದನ್ನು ಬಿಡುತ್ತೇನೆ. ದೂಧಗಂಗೆ, ಕೃಷ್ಣೆಯರ ನೀರುಂಡ ಆ ನೆಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಬ್ಬು. ನಿಪ್ಪಾಣಿಯ ಕಡೆಗೆ ತಿರುಗಿದರೆ ತಂಬಾಕು. ಒಂದೇ ವಾಕ್ಯದಲ್ಲಿ ಕನ್ನಡ ಮರಾಠಿ ಎರಡೂ ಹೊಂದಿಕೊಂಡು ಬರುವ ಮಾತು. ಮಧ್ಯಾಹ್ನದ ಊಟ ಮುಗಿದ ಮೇಲೆ ಹಿರಿಯರೊಬ್ಬರು ಅಂಗೈಗೆ ಒಂದು ಹಿಡಿ ಒಣದ್ರಾಕ್ಷಿ ಹಾಕಿದರು. ಹಸಿರು ಬಣ್ಣ, ಬೆರಳಿನ ಅರ್ಧ ಗಿಣ್ಣಿನಷ್ಟು ಉದ್ದ, ತೆಳ್ಳನೆಯ ಸಿಪ್ಪೆ. ಮಣೂಕ ಎಂದೂ, ಮರಾಠಿ ಬಳಕೆಯಲ್ಲಿ ಬೇದಾಣಾ ಎಂದೂ ಅಲ್ಲಿ ಅದಕ್ಕೆ ಹೆಸರು. ಬೇದಾಣಾ ಪಾರಸಿಯಿಂದ ಬಂದ ಮಾತು, ಬೀಜವಿಲ್ಲದ್ದು ಎಂದರ್ಥ. ಎಲ್ಲಿಯದೆಂದು ಕೇಳಿದೆ. "ನಮ್ಮ ಅಥಣಿ ಕಡೀದರೀ" ಎಂದರು. ನಾವು ಮಲೆನಾಡಿನವರು ಅಂಗಡಿಯಲ್ಲಿ ಕೊಳ್ಳುವ ಒಣದ್ರಾಕ್ಷಿ ಆಫ್ಘಾನಿಸ್ತಾನದಿಂದ ಬರುತ್ತದೆಂದು ನಂಬಿಕೊಂಡೇ ಪಾಯಸಕ್ಕೆ ಹಾಕುತ್ತ ಬಂದವರು. ಮರುದಿನ ಊರಿಗೆ ಹೊರಡುವುದನ್ನು ಮುಂದೂಡಿ ಕೃಷ್ಣೆಯನ್ನು ದಾಟಿ ಮೂಡಲಕ್ಕೆ ಹೊರಟೆವು.

ಅಥಣಿ ದಾಟಿ ತೆಲಸಂಗದ ಕಡೆಗೆ ಹೋದಂತೆ ಕಬ್ಬು ಹಿಂದೆ ಉಳಿಯುತ್ತದೆ. ನೆಲ ಒಣಗುತ್ತದೆ, ಮರಗಳು ಕಡಿಮೆಯಾಗುತ್ತವೆ, ಗಾಳಿ ಬಿಸಿಯಾಗುತ್ತದೆ. ಆ ಬಯಲಿನಲ್ಲಿ ಕಬ್ಬಿಣದ ಕಂಬಗಳ ಮೇಲೆ ಹಬ್ಬಿದ ದ್ರಾಕ್ಷಿ ತೋಟಗಳು. ಕೃಷಿ ಹೊಂಡ, ಕೊಳವೆ ಬಾವಿ, ಬರಗಾಲದಲ್ಲಿ ಟ್ಯಾಂಕರ್ ನೀರು ಇವನ್ನೇ ನಂಬಿ ಹನಿ ನೀರಾವರಿಯಲ್ಲಿ ಬೆಳೆದ ಬೆಳೆ. ತಳಿ ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದಲೇ ಆರಿಸಿ ತೆಗೆದ ತಾಸ್-ಎ-ಗಣೇಶ, ಮಾಣಿಕ್ ಚಮನ್ ಮುಂತಾದವು. ಬರವನ್ನೂ ನೀರಿನ ಉಪ್ಪನ್ನೂ ತಾಳಿಕೊಳ್ಳಲೆಂದು ಡಾಗ್‌ರಿಡ್ಜ್ ಎಂಬ ಬೇರಿನ ಗಿಡದ ಮೇಲೆ ಕಸಿ ಕಟ್ಟುತ್ತಾರೆ. ತಣ್ಣನೆಯ ದೇಶದಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ. ನಮ್ಮ ದೇಶದ ಬಿಸಿಲಿನಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಬೇಕು. ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಂದು ಚಾಟ್ನಿ, ಅಕ್ಟೋಬರಿನಲ್ಲಿ ಹಣ್ಣಿಗಾಗಿ ಇನ್ನೊಂದು. ಕಾಫಿ ಗಿಡದ ಚಿಗುರು ತೆಗೆಯುವುದಕ್ಕೇ ಆಳು ಸಿಗದೆ ಒದ್ದಾಡುವ ನಮ್ಮವರು ಈ ಎರಡು ಚಾಟ್ನಿಯ ಕೂಲಿ ಲೆಕ್ಕವನ್ನು ಒಮ್ಮೆ ಕೇಳಬೇಕು.

ನಾವು ಹೋದ ತೋಟದ ಯಜಮಾನರು ಅರವತ್ತು ದಾಟಿದವರು. ತೋಟಕ್ಕಿಂತ ಮೊದಲು ಶೆಡ್ಡಿಗೇ ಕರೆದೊಯ್ದರು. ಮೇಲೆ ಹೊದಿಕೆ, ಸುತ್ತ ಹಸಿರು ನೆರಳು ಬಲೆ, ಒಳಗೆ ನೈಲಾನ್ ಜಾಳಿಗೆಯ ಹತ್ತು ಹನ್ನೆರಡು ಅಂತಸ್ತಿನ ರ್‍ಯಾಕು. ಹಣ್ಣಿನಲ್ಲಿ ಸಕ್ಕರೆಯ ಅಂಶ ನೂರಕ್ಕೆ ಇಪ್ಪತ್ತೆರಡರ ಸುಮಾರಿಗೆ ಬಂದಾಗ ಗೊಂಚಲು ಕೊಯ್ದು, ತೊಳೆದು, ಒಂದು ದ್ರಾವಣದಲ್ಲಿ ಎರಡು ಮೂರು ನಿಮಿಷ ಅದ್ದಿ ಹರವುತ್ತಾರೆ. ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಈಥೈಲ್ ಓಲಿಯೇಟ್ ಎಂಬ ಎಣ್ಣೆ, ಇದು ಆ ದ್ರಾವಣ. ಆಸ್ಟ್ರೇಲಿಯದಿಂದ ಬಂದ ಪದ್ಧತಿ. ದ್ರಾಕ್ಷಿಯ ಮೈಮೇಲೆ ಬೂದಿ ಬಳಿದಂತೆ ಕಾಣುವ ಮೇಣದ ಪದರವನ್ನು ಇದು ಸಡಿಲಗೊಳಿಸುತ್ತದೆ, ಒಳಗಿನ ನೀರು ಬೇಗ ಹೊರಡುತ್ತದೆ. ಹಾಗೇ ಬಿಟ್ಟರೆ ವಾರಗಟ್ಟಲೆ ಹಿಡಿಯುವ ಕೆಲಸ ಹದಿನೈದು ದಿನಕ್ಕೆ ಮುಗಿಯುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಾಲು. ಬಿಸಿಲು ನೇರವಾಗಿ ತಾಗಬಾರದು, ತಾಗಿದರೆ ಬಣ್ಣ ಕೆಡುತ್ತದೆ.

"ಹಸರ ಇದ್ರ ಮಾಲು, ಕೆಂಪಾದ್ರ ಮಣ್ಣು ನೋಡ್ರಿ" ಎಂದರು ಯಜಮಾನರು. ಇಡೀ ವರ್ಷದ ದುಡಿಮೆ ಆ ಹದಿನೈದು ದಿನಗಳ ಮೇಲೆ ನಿಂತಿರುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಒಂದು ಅಕಾಲದ ಮಳೆ ಸಾಕು, ರ್‍ಯಾಕಿನ ಮೇಲಿನ ಹಣ್ಣು ಬೂಷ್ಟು ಹಿಡಿದು ಕಪ್ಪಾಗುತ್ತದೆ. "ಹದಿನೈದು ದಿನ ನಿದ್ದಿ ಇಲ್ರೀ ಸಾಹೇಬ್ರ. ಮೂಡಣಕ ಮೋಡ ಕಂಡ್ರ ಎದಿ ಹೊಡಕೊಂತೈತಿ." 2021ರ ಜನವರಿಯಲ್ಲಿ ಕಣದ ಮೇಲೆ ಹರವಿದ ಕಾಫಿಯ ಮೇಲೆ ಮಳೆ ಸುರಿದಾಗ ಟಾರ್ಪಾಲು ಹಿಡಿದು ಓಡಾಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ನಿರ್ದೇಶಕರೊಬ್ಬರು ಸುಮ್ಮನೆ ಅವರ ಕೈ ಹಿಡಿದುಕೊಂಡರು.

ಮಾತು ವೈನಿನ ಕಡೆಗೆ ತಿರುಗಿದ್ದು ಚಹಾ ಕುಡಿಯುವಾಗ. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜದಲ್ಲಿ ಇಟಲಿಯವರು ಬಂದು ತೋಟ ಹಾಕಿದ್ದಾರೆಂದು ಯಜಮಾನರೇ ತೆಗೆದರು. ಮಾತು ನಿಜ. ಇಟಲಿಯ ಸೆಕ್ಕಿ, ಅಕ್ಲೂಜದ ಮೋಹಿತೆ-ಪಾಟೀಲ, ದಿಲ್ಲಿಯ ಸೇಖ್ರಿ, ಈ ಮೂರು ಮನೆತನಗಳ ಅಣ್ಣತಮ್ಮಂದಿರು ಸೇರಿ 2007ರ ಸುಮಾರಿಗೆ ಅಲ್ಲಿ ಫ್ರಾಟೆಲ್ಲಿ ಎಂಬ ವೈನ್ ಸಂಸ್ಥೆಯನ್ನು ಕಟ್ಟಿದರು. ಆ ಹೆಸರಿನ ಅರ್ಥವೇ ಸಹೋದರರು. ಟಸ್ಕನಿ ಪ್ರಾಂತದಿಂದ ಪಿಯೆರೊ ಮಾಸಿ ಎಂಬ ನುರಿತ ವೈನ್ ತಜ್ಞರು ಬಂದು, ತಮ್ಮ ನಾಡಿನ ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿಯನ್ನು ಸೊಲ್ಲಾಪುರದ ಬಿಸಿಲಿನಲ್ಲಿ ಬೆಳೆಸಿ ತೋರಿಸಿದರು. "ಅವರ ದೇಶದಾಗೂ ದ್ರಾಕ್ಷಿ ಒಣಗಸ್ತಾರೇನ್ರಿ?" ಎಂದು ಯಜಮಾನರು ಕೇಳಿದರು. ಒಣಗಿಸುತ್ತಾರೆ, ಆದರೆ ತಿನ್ನುವುದಕ್ಕಲ್ಲ ಎಂದೆ. ಹಾಗೆ ಶುರುವಾದ ಮಾತು ಸಂಜೆಯವರೆಗೆ ಹೋಯಿತು. ಆ ದಿನ ಶೆಡ್ಡಿನ ಬಾಗಿಲಲ್ಲಿ ಕೂತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆಯುತ್ತಿದ್ದೇನೆ. ಇದು ಮದ್ಯಪಾನದ ಪ್ರಚಾರವಲ್ಲವೆಂದು ನಮ್ಮ ಹಿರಿಯ ಸದಸ್ಯರು ದಯವಿಟ್ಟು ತಿಳಿಯಬೇಕು.

ಟಸ್ಕನಿ ಎಂದರೆ ಇಟಲಿಯ ನಡುಭಾಗದ ಗುಡ್ಡಗಾಡು. ಫ್ಲಾರೆನ್ಸ್ ಮತ್ತು ಸಿಯೆನಾ ಪಟ್ಟಣಗಳ ನಡುವಿನ ಗುಡ್ಡಸಾಲಿಗೆ ಕಿಯಾಂತಿ ಎಂದು ಹೆಸರು. ಸುಣ್ಣದಂಶದ ಕಲ್ಲು ನೆಲ, ಅರ್ಧ ಕಾಡು, ಉಳಿದದ್ದರಲ್ಲಿ ಆಲಿವ್ ಮರ ಮತ್ತು ದ್ರಾಕ್ಷಿ. ಅಲ್ಲಿಯ ಕೆಂಪು ವೈನ್ ಜಗತ್ತಿಗೆಲ್ಲ ಗೊತ್ತು. ಅದರ ಜೊತೆಗೆ ರೈತರ ಮನೆಮನೆಗಳಲ್ಲಿ ಸ್ವಲ್ಪವೇ ಆಗುತ್ತಿದ್ದ ಇನ್ನೊಂದು ಸಿಹಿ ವೈನ್ ಇದೆ, ವಿನ್ ಸಾಂತೊ. ಪವಿತ್ರ ವೈನ್ ಎಂದು ಅರ್ಥ. ಹೆಸರು ಹೇಗೆ ಬಂತೆಂಬುದಕ್ಕೆ ಊರಿಗೊಂದು ಕಥೆ. ಇಗರ್ಜಿಯ ಪೂಜೆಯಲ್ಲಿ ಬಳಸುತ್ತಿದ್ದರೆಂದು ಕೆಲವರು, ಈಸ್ಟರಿನ ಹಿಂದಿನ ಪವಿತ್ರ ವಾರದಲ್ಲಿ ರಸ ಹಿಂಡುತ್ತಿದ್ದರೆಂದು ಕೆಲವರು, 1439ರ ಫ್ಲಾರೆನ್ಸ್ ಧರ್ಮಸಭೆಯಲ್ಲಿ ಗ್ರೀಕ್ ಧರ್ಮಗುರುವೊಬ್ಬರು ಇದನ್ನು ಕುಡಿದು ಆಡಿದ ಮಾತಿನಿಂದ ಬಂತೆಂದು ಮತ್ತೆ ಕೆಲವರು. ನಮ್ಮ ಸ್ಥಳಪುರಾಣಗಳ ಹಾಗೆ ಯಾವುದನ್ನೂ ಪೂರಾ ನಂಬಬೇಕಾಗಿಲ್ಲ, ಪೂರಾ ಬಿಡಬೇಕಾಗಿಯೂ ಇಲ್ಲ.

ಮಾಡುವ ಕ್ರಮ ಹೀಗೆ. ಸೆಪ್ಟೆಂಬರ್, ಅಕ್ಟೋಬರ್ ಸುಗ್ಗಿಯಲ್ಲಿ ಟ್ರೆಬ್ಬಿಯಾನೊ, ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿಗಳ ಅತ್ಯುತ್ತಮ ಗೊಂಚಲುಗಳನ್ನು, ಗಾಯವಿಲ್ಲದವನ್ನು, ಕಾಳಿಗೂ ಕಾಳಿಗೂ ನಡುವೆ ಗಾಳಿಯಾಡುವಂಥವನ್ನು ಆರಿಸಿ ಬೇರೆ ಇಡುತ್ತಾರೆ. ಅವನ್ನು ಮನೆಯ ಅಟ್ಟಕ್ಕೆ ಸಾಗಿಸುತ್ತಾರೆ. ಜೊಂಡಿನ ಚಾಪೆಯ ಮೇಲೆ ಹರವುತ್ತಾರೆ, ಇಲ್ಲವೆ ತೊಲೆಗೆ ಕೊಕ್ಕೆ ಹಾಕಿ ಒಂದೊಂದೇ ಗೊಂಚಲನ್ನು ನೇತುಹಾಕುತ್ತಾರೆ. ದ್ರಾವಣವೂ ಇಲ್ಲ, ಎಣ್ಣೆಯೂ ಇಲ್ಲ. ಬಡಗಣ ಗಾಳಿ ಒಣಗಿ ಬೀಸುವ ದಿನ ಕಿಟಕಿ ತೆರೆಯುವುದು, ಮಂಜು ಕವಿದ ದಿನ ಮುಚ್ಚುವುದು, ಬೂಷ್ಟು ಬಂದ ಕಾಳನ್ನು ಕೈಯಿಂದ ಹೆಕ್ಕುವುದು, ಅಷ್ಟೇ ಕೆಲಸ. ಮೇಣದ ಪದರ ಹಾಗೆಯೇ ಇರುವುದರಿಂದ ನೀರು ಬಲು ನಿಧಾನವಾಗಿ ಹೊರಡುತ್ತದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ, ಮನೆತನದ ಪದ್ಧತಿಗೆ ತಕ್ಕಂತೆ, ಯಾವಾಗಲೋ ಒಂದು ದಿನ ಹಿಂಡುತ್ತಾರೆ. ಆ ಹೊತ್ತಿಗೆ ಕಾಳು ಪೂರಾ ಒಣಗಿರುವುದಿಲ್ಲ, ಬಾಡಿ ಮುದುಡಿರುತ್ತದೆ. ಜೇನಿನಂಥ ದಪ್ಪ ರಸ ಬರುತ್ತದೆ.

ನಮ್ಮ ಮಲೆನಾಡಿನ ಮನೆಗಳ ಅಟ್ಟ ನೆನಪಾಗುವುದಿಲ್ಲವೆ? ಒಲೆಯ ಹೊಗೆ ಆಡುವ ಆ ಅಟ್ಟದ ಮೇಲೆ ಅಡಿಕೆ, ಮೆಣಸು, ಬಿತ್ತನೆಯ ಬೀಜ, ಬಾಳೆಗೊನೆ ಎಲ್ಲವೂ ಇರುತ್ತಿದ್ದವು. ಈಗ ತಾರಸಿ ಮನೆ ಕಟ್ಟಿ ಅಟ್ಟವನ್ನೇ ಮರೆತಿದ್ದೇವೆ. ಇರಲಿ.

ಹಿಂಡಿದ ರಸವನ್ನು ಕರಾತೆಲ್ಲೊ ಎಂಬ ಚಿಕ್ಕ ಮರದ ಪೀಪಾಯಿಗಳಿಗೆ ತುಂಬುತ್ತಾರೆ. ಸಾಂಪ್ರದಾಯಿಕವಾದವು ಐವತ್ತು ಲೀಟರಿನ ಸುಮಾರಿನವು, ದೊಡ್ಡವೂ ಇವೆ. ಹಿಂದಿನ ಸಲದ ವೈನ್ ತೆಗೆದ ಮೇಲೆ ಪೀಪಾಯಿಯ ತಳದಲ್ಲಿ ಉಳಿದ ಗಷ್ಟನ್ನು ತೊಳೆಯದೆ ಬಿಟ್ಟಿರುತ್ತಾರೆ. ಅದಕ್ಕೆ ಮಾದ್ರೆ, ಎಂದರೆ ತಾಯಿ, ಎಂದು ಹೆಸರು. ಹಾಲಿಗೆ ಹೆಪ್ಪು ಇದ್ದ ಹಾಗೆ. ಒಂದು ಮನೆಯ ತಾಯಿ ತಲೆಮಾರಿನಿಂದ ತಲೆಮಾರಿಗೆ ನಡೆದು ಬರುತ್ತದೆ, ಮದುವೆಯಾಗಿ ಹೋದ ಹೆಣ್ಣುಮಗಳು ತವರಿನಿಂದ ಹೆಪ್ಪು ಒಯ್ದಂತೆಯೇ. ಪೀಪಾಯಿಯನ್ನು ಕಂಠದವರೆಗೆ ತುಂಬುವುದಿಲ್ಲ, ಗಾಳಿಗೆ ಸ್ವಲ್ಪ ಎಡೆ ಬಿಟ್ಟು ಬಾಯಿಯನ್ನು ಮೇಣದಿಂದಲೋ ಸಿಮೆಂಟಿನಿಂದಲೋ ಮುಚ್ಚಿ ಮೊಹರು ಮಾಡುತ್ತಾರೆ. ಉಳಿದ ವೈನುಗಳನ್ನು ತಣ್ಣನೆಯ ನೆಲಮಾಳಿಗೆಯಲ್ಲಿಟ್ಟರೆ ಇದನ್ನು ಮಾತ್ರ ಹೆಂಚಿನ ಕೆಳಗೆ, ಅಟ್ಟದಲ್ಲೇ ಇಡುತ್ತಾರೆ. ಬೇಸಿಗೆಯ ಕಾವಿನಲ್ಲಿ ರಸ ಹುದುಗುತ್ತದೆ, ಚಳಿಗಾಲದಲ್ಲಿ ನಿಲ್ಲುತ್ತದೆ, ಮತ್ತೆ ಬೇಸಿಗೆಗೆ ಹುದುಗುತ್ತದೆ. ಮರದ ರಂಧ್ರಗಳಿಂದ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ಸಕ್ಕರೆ ಅತಿಯಾದಲ್ಲಿ ಹುದುಗಿಸುವ ಯೀಸ್ಟ್ ಒಂದು ಹಂತಕ್ಕೆ ಸೋತು ಕೈಬಿಡುತ್ತದೆ. ಹಾಗೆ ಉಳಿದ ಸಕ್ಕರೆಯೇ ವೈನಿನ ಸಿಹಿ. ಮೂರು ವರ್ಷ ಯಾರೂ ಮುಚ್ಚಳ ತೆರೆಯುವುದಿಲ್ಲ. ಐದು, ಏಳು ವರ್ಷ ಬಿಡುವವರಿದ್ದಾರೆ. ಮೊಂತೆಪುಲ್ಚಾನೊ ಪಟ್ಟಣದ ಒಂದು ಹೆಸರಾಂತ ಮನೆತನ ಹತ್ತು ವರ್ಷ ಬಿಡುತ್ತದೆ.

ಮುಚ್ಚಳ ತೆರೆದಾಗ ಬಣ್ಣ ತುಪ್ಪದಿಂದ ಹಿಡಿದು ಜೋನಿಬೆಲ್ಲದವರೆಗೆ ಏನು ಬೇಕಾದರೂ ಇರಬಹುದು. ಅಥಣಿಯಲ್ಲಿ ಯಾವ ಕಂದು ಬಣ್ಣವನ್ನು ಕಂಡರೆ ದಲಾಲಿ ಮುಖ ತಿರುಗಿಸುತ್ತಾನೋ ಆ ಕಂದು ಬಣ್ಣಕ್ಕೇ ಅಲ್ಲಿ ಬೆಲೆ. ಒಂದೇ ದಿನ ತುಂಬಿದ ಹತ್ತು ಪೀಪಾಯಿಗಳು ಹತ್ತು ಬಗೆಯಾಗಿರುವುದೂ ಉಂಟು. ಒಂದೆರಡು ಹುಳಿತು ವಿನೆಗರ್ ಆಗಿರುವುದೂ ಉಂಟು. ಹಸಿ ಹಣ್ಣಿನ ತೂಕದ ಮೂರನೇ ಒಂದು ಭಾಗದಷ್ಟು ವೈನ್ ಸಿಕ್ಕರೆ ಅದೇ ಹೆಚ್ಚು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಯಜಮಾನರು ಕೇಳಿದ ಪ್ರಶ್ನೆ ಒಂದೇ. "ಮೂರ ವರ್ಷ? ಅಲ್ಲಿತನಕ ಬ್ಯಾಂಕಿನವ್ರು ಸುಮ್ಮ ಕುಂದರ್ತಾರೇನ್ರಿ?"

ಉತ್ತರ ಕೊಡಲು ತಡವಾಯಿತು. ಟಸ್ಕನಿಯ ರೈತನಿಗೂ ಸುಖವಿರಲಿಲ್ಲ. ಅಲ್ಲಿ ಶತಮಾನಗಳ ಕಾಲ ನಡೆದದ್ದು ಮೆದ್ಸಾದ್ರಿಯಾ ಎಂಬ ಗೇಣಿ ಪದ್ಧತಿ, ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ಗೇಣಿದಾರನಿಗೆ. ವಿನ್ ಸಾಂತೊ ಮಾರುವುದಕ್ಕೆಂದು ಮಾಡಿದ ವಸ್ತುವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಮದುವೆಗೆ, ನಾಮಕರಣಕ್ಕೆ, ಊರಿನ ಪಾದ್ರಿಗೆ, ಬಾಣಂತಿಗೆ, ಮನೆಗೆ ಬಂದ ನೆಂಟರಿಗೆ ಒಂದು ಚಿಕ್ಕ ಲೋಟ. ನಾವು ಬೆಲ್ಲ ನೀರು ಕೊಟ್ಟು ಎಲೆ ಅಡಿಕೆಯ ತಟ್ಟೆ ಮುಂದಿಡುವುದಿಲ್ಲವೆ, ಅದೇ ಮರ್ಯಾದೆ. ಎಲ್ಲೋ ಎರಡು ಪೀಪಾಯಿ ಅಟ್ಟದ ಮೇಲೆ ಮಲಗಿದ್ದರೆ ಅದರ ಮೇಲೆ ಯಾರ ಸಾಲವೂ ಇರಲಿಲ್ಲ. ಆದ್ದರಿಂದಲೇ ಕಾಯುವುದು ಸಾಧ್ಯವಾಯಿತು.

ಆ ವ್ಯವಸ್ಥೆ ಮುರಿದು ಬಿದ್ದದ್ದು ಎರಡನೇ ಮಹಾಯುದ್ಧದ ನಂತರ. 1964ರ ಕಾನೂನು ಹೊಸ ಮೆದ್ಸಾದ್ರಿಯಾ ಕರಾರುಗಳನ್ನು ನಿಷೇಧಿಸಿತು, 1982ರ ಕಾನೂನು ಉಳಿದವನ್ನು ನಗದು ಗೇಣಿಗೆ ತಿರುಗಿಸಲು ದಾರಿ ಮಾಡಿತು. ನಮ್ಮಲ್ಲಿ 1974ರ ಭೂಸುಧಾರಣೆ ಬಂದ ದಿನಗಳನ್ನು ಕಂಡವರಿಗೆ ಅಲ್ಲಿಯ ಗದ್ದಲವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಒಂದು ವ್ಯತ್ಯಾಸವಿದೆ. ಅಲ್ಲಿ ಬಹುಪಾಲು ಗೇಣಿದಾರರು ಕಾನೂನನ್ನು ಕಾಯದೆ ಪಟ್ಟಣದ ಕಾರ್ಖಾನೆಗಳಿಗೆ ಹೊರಟುಹೋದರು. ಗುಡ್ಡದ ಮೇಲಿನ ಮನೆಗಳು ಖಾಲಿಯಾದವು, ಅಟ್ಟಗಳೂ ಖಾಲಿಯಾದವು. ಅದೇ ಕಾಲಕ್ಕೆ ಪಟ್ಟಣದ ಅಂಗಡಿಗಳಲ್ಲಿ ವಿನ್ ಸಾಂತೊ ಎಂಬ ಚೀಟಿ ಹಚ್ಚಿದ ಅಗ್ಗದ ಸೀಸೆಗಳು ಕಾಣಿಸಿಕೊಂಡವು. ಒಣಗಿಸುವ ಗೋಜಿಲ್ಲದೆ, ಸಿಹಿಯಾದ ವೈನಿಗೆ ಮೇಲಿಂದ ಮದ್ಯಸಾರ ಬೆರೆಸಿ ಕೆಲವೇ ತಿಂಗಳಲ್ಲಿ ತಯಾರಾದ ಸರಕು. ಹಳೆಯ ಪದ್ಧತಿಯಲ್ಲಿ ಏಳು ವರ್ಷ ಕಾದವನ ಸೀಸೆಯೂ ಇದೂ ಒಂದೇ ಹೆಸರಿನಲ್ಲಿ ಪಕ್ಕಪಕ್ಕದಲ್ಲಿ ನಿಂತವು. ಚಿಕೋರಿ ಬೆರೆಸಿದ ಪುಡಿಯ ಪಕ್ಕದಲ್ಲಿ ತನ್ನ ಒಳ್ಳೆಯ ಅರೇಬಿಕಾ ಇಟ್ಟುಕೊಂಡು ಕೂತ ಬೆಳೆಗಾರನ ಸಂಕಟವೇ ಇದು.

ಇಲ್ಲಿ ಅವರಿಗೆ ಒದಗಿ ಬಂದದ್ದು ಹೆಸರನ್ನು ಕಾಯುವ ಹಳೆಯ ಅಭ್ಯಾಸ. ಟಸ್ಕನಿಯ ದೊರೆ ಮೂರನೇ ಕೊಸಿಮೊ 1716ರ ಸೆಪ್ಟೆಂಬರ್ 24ರಂದು ಒಂದು ಆಜ್ಞೆ ಹೊರಡಿಸಿ ಕಿಯಾಂತಿ, ಕಾರ್ಮಿಞಾನೊ ಮೊದಲಾದ ನಾಲ್ಕು ಸೀಮೆಗಳ ಎಲ್ಲೆ ಗುರುತಿಸಿದ. ಆ ಎಲ್ಲೆಯ ಹೊರಗಿನ ವೈನಿಗೆ ಆ ಹೆಸರು ಹಾಕಕೂಡದು. 1924ರಲ್ಲಿ ರಾದ್ದಾ ಎಂಬ ಊರಿನಲ್ಲಿ 33 ಮಂದಿ ಬೆಳೆಗಾರರು ಕೂಡಿ ಹೆಸರಿನ ರಕ್ಷಣೆಗಾಗಿಯೇ ಒಂದು ಸಂಘ ಕಟ್ಟಿದರು. ಅವರ ಗುರುತು ಕರಿ ಹುಂಜ, ಇಂದಿಗೂ ಸೀಸೆಯ ಕುತ್ತಿಗೆಯ ಮೇಲೆ ಅದಿದೆ. 33 ಮಂದಿ ಎಂಬುದನ್ನು ಗಮನಿಸಬೇಕು. ನಮ್ಮ ಸಂಘದ ವಾರ್ಷಿಕ ಸಭೆಗೆ ಕೋರಂ ಇಲ್ಲದೆ ಅರ್ಧ ಗಂಟೆ ಮುಂದೂಡಿದ ದಿನವೂ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ. ವಿನ್ ಸಾಂತೊವಿಗೆ ಪ್ರತ್ಯೇಕ ಕಾನೂನಿನ ರಕ್ಷಣೆ ಬಂದದ್ದು ತೀರ ಈಚೆಗೆ. ಕಿಯಾಂತಿ ಕ್ಲಾಸಿಕೊ ಸೀಮೆಗೆ 1995, ಮೊಂತೆಪುಲ್ಚಾನೊಗೆ 1996, ಉಳಿದ ಕಿಯಾಂತಿಗೆ 1997. ಯಾವ ದ್ರಾಕ್ಷಿ, ಹೇಗೆ ಒಣಗಿಸಬೇಕು, ಎಷ್ಟು ವರ್ಷ ಪೀಪಾಯಿಯಲ್ಲಿರಬೇಕು ಎಲ್ಲವೂ ಬರಹದಲ್ಲಿ ಬಂತು. ಈಗ ಅದು ದುಬಾರಿ ವಸ್ತು, ಮಾಡುವ ಮನೆಗಳು ಮತ್ತೆ ಮಾಡುತ್ತಿವೆ.

ಅಥಣಿಯ ಮಣೂಕಕ್ಕೆ ಅಂಥ ಹೆಸರಿದೆಯೇ ಎಂದು ಯಜಮಾನರನ್ನು ಕೇಳಿದೆ. ಅವರ ಮಾಲು ತಾಸಗಾಂವಕ್ಕೋ ಸಾಂಗ್ಲಿಗೋ ವಿಜಯಪುರಕ್ಕೋ ಹರಾಜಿಗೆ ಹೋಗುತ್ತದೆ, ಯಾವ ಪೇಟೆ ಸೇರಿತೋ ಆ ಪೇಟೆಯ ಹೆಸರು. ಭೌಗೋಳಿಕ ಗುರುತು ಸಿಕ್ಕಿರುವುದು ಸಾಂಗ್ಲಿಯ ಒಣದ್ರಾಕ್ಷಿಗೆ. ಗಡಿಯ ಈಚೆಗೂ ಅದೇ ತಳಿ, ಅದೇ ಬಿಸಿಲು, ಅದೇ ದ್ರಾವಣ, ಬೀಗತನವೂ ಅವರವರಲ್ಲೇ. ಅಥಣಿಯವರಿಗೆ ಇದರಲ್ಲಿ ಒಂದು ಮೇಲ್ಪಂಕ್ತಿ ಅವರ ಕಾಲಿನಲ್ಲೇ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಬಂದ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಜಂಟಿಯಾಗಿ ಸಲ್ಲುತ್ತದೆ. ಅಥಣಿ, ನಿಪ್ಪಾಣಿಗಳ ಕುಶಲಿಗರು ಹೊಲಿದ ಚಪ್ಪಲಿಗೆ ಸಲ್ಲುವ ನ್ಯಾಯ ಅದೇ ನೆಲದ ದ್ರಾಕ್ಷಿಗೆ ಏಕೆ ಸಲ್ಲಬಾರದು? ಕೇಳುವವರು ಒಂದಾಗಬೇಕು ಅಷ್ಟೆ. ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ, ಶಿರಸಿ ಸುಪಾರಿಗೆ ಅದೇ 2019ರಲ್ಲಿ ಗುರುತು ಸಿಕ್ಕಿತು. ಸಿಕ್ಕಿದ ಗುರುತನ್ನು ನಮ್ಮಲ್ಲಿ ಎಷ್ಟು ಮಂದಿ ಚೀಲದ ಮೇಲೆ ಹಾಕಿದ್ದಾರೆ ಎಂಬ ಪ್ರಶ್ನೆಯನ್ನು ನಮ್ಮ ನಿರ್ದೇಶಕರೊಬ್ಬರು ಅಲ್ಲೇ ನನ್ನ ಕಿವಿಯಲ್ಲಿ ಕೇಳಿದರು. ನಾನು ಚಹಾ ಕುಡಿದೆ.

ಹಾಗಾದರೆ ಅಥಣಿಯಲ್ಲೂ ಇಂಥ ವೈನ್ ಮಾಡಬಹುದಲ್ಲ ಎಂದು ಯಜಮಾನರ ಮಗ ಉತ್ಸಾಹದಿಂದ ಕೇಳಿದ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ದ್ರಾಕ್ಷಾರಸ ಮಂಡಳಿ ಸ್ಥಾಪಿಸಿ, ಈ ಭಾಗವನ್ನು ಕೃಷ್ಣಾ ಕಣಿವೆ ಎಂದು ಹೆಸರಿಸಿದ್ದು ಅವನಿಗೆ ಗೊತ್ತಿತ್ತು. ಸಾಧ್ಯವಿಲ್ಲ ಎಂದು ನಾನು ಹೇಳಲಾರೆ, ಆದರೆ ಈ ಹಣ್ಣಿನಿಂದ ಕಷ್ಟ ಎಂದೆ. ಟ್ರೆಬ್ಬಿಯಾನೊ ಸ್ವಭಾವತಃ ಹುಳಿ ಹೆಚ್ಚಿರುವ ದ್ರಾಕ್ಷಿ. ಬಾಡಿದಾಗ ಸಿಹಿಯ ಜೊತೆ ಹುಳಿಯೂ ಗಟ್ಟಿಯಾಗಿ ಒಂದಕ್ಕೊಂದು ಸಮನಾಗುತ್ತದೆ. ಥಾಮ್ಸನ್‌ನಲ್ಲಿ ಬಿಸಿಲಿಗೆ ಹುಳಿ ಇಳಿದುಹೋಗಿರುತ್ತದೆ, ಪರಿಮಳವೂ ಕಡಿಮೆ. ತಿನ್ನಲು ಒಳ್ಳೆಯದು, ಹುದುಗಿಸಿದರೆ ಸಪ್ಪೆ. ತಳಿ ಬದಲಿಸಬೇಕು, ಐದಾರು ವರ್ಷದ ಬಂಡವಾಳ ಹಾಕಬೇಕು, ಅಬಕಾರಿ ಪರವಾನಗಿ ಬೇಕು, ಕೊಳ್ಳುವವನು ಬೇಕು. ಮೌಲ್ಯವರ್ಧನೆ ಎಂಬ ಮಾತು ಸಭೆಗಳಲ್ಲಿ ಬಹಳ ಕೇಳುತ್ತೇವೆ. ಆ ವರ್ಧನೆಗೆ ಹಿಡಿಯುವ ವರ್ಷಗಳ ಬಡ್ಡಿಯನ್ನು ಯಾರು ಕಟ್ಟುತ್ತಾರೆಂದು ಭಾಷಣಕಾರರು ಹೇಳಿದ್ದನ್ನು ನಾನು ಕೇಳಿಲ್ಲ.

ಒಣದ್ರಾಕ್ಷಿಯನ್ನು ಹುದುಗಿಸುವುದು ನಮಗೇನೂ ಹೊಸದಲ್ಲವೆಂಬುದನ್ನು ಇಲ್ಲಿ ಹೇಳಬೇಕು. ದ್ರಾಕ್ಷಿಯ ರಸದಿಂದಾದ ಮದ್ಯಕ್ಕೆ ಮಧು ಎಂಬ ಹೆಸರನ್ನು ಕೌಟಿಲ್ಯನ ಅರ್ಥಶಾಸ್ತ್ರವೇ ಕೊಡುತ್ತದೆ, ಅದು ಬರುತ್ತಿದ್ದ ನಾಡುಗಳನ್ನೂ ಹೆಸರಿಸುತ್ತದೆ. ಇನ್ನು ಆಯುರ್ವೇದದ ಅಂಗಡಿಯಲ್ಲಿ ಸಿಗುವ ದ್ರಾಕ್ಷಾರಿಷ್ಟ ಎಂದರೇನು? ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿಯ ಹೂ, ಕೆಲವು ಸಂಬಾರ ಸೇರಿಸಿ ಪಾತ್ರೆಯ ಬಾಯಿ ಭದ್ರವಾಗಿ ಮುಚ್ಚಿ ಒಂದು ತಿಂಗಳು ಇಡುವುದು. ಧಾತಕಿಯ ಹೂವೇ ಅದಕ್ಕೆ ಹೆಪ್ಪು. ಮದ್ಯ ಮುಟ್ಟದ ನಮ್ಮ ಅಜ್ಜಿ ಊಟವಾದ ಮೇಲೆ ಎರಡು ಚಮಚೆ ಅದನ್ನು ಸಮನೀರಿನೊಡನೆ ತಪ್ಪದೆ ಸೇವಿಸುತ್ತಿದ್ದರು. ಟಸ್ಕನಿಯ ಅಜ್ಜಿಯರೂ ಅದೇ ಪ್ರಮಾಣದಲ್ಲಿ, ಬಾದಾಮಿಯ ಗಟ್ಟಿ ಬಿಸ್ಕತ್ತು ಅದ್ದಿಕೊಂಡು.

ಯಜಮಾನರ ಬ್ಯಾಂಕಿನ ಪ್ರಶ್ನೆಗೆ ಮರಳುತ್ತೇನೆ. ಅವರೂ ಪೂರಾ ಕಾಯದವರಲ್ಲ. ಆ ವರ್ಷದ ಮಾಲಿನಲ್ಲಿ ಅರ್ಧದಷ್ಟನ್ನು ಹದಿನೈದು ಕಿಲೋ ಪೆಟ್ಟಿಗೆಗಳಲ್ಲಿ ತುಂಬಿ ಶೀತಲಗೃಹಕ್ಕೆ ಕಳಿಸಿದ್ದರು. ತಣ್ಣಗಿದ್ದರೆ ಹಸಿರು ಉಳಿಯುತ್ತದೆ. ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ಗಿರಾಕಿ ಇರುತ್ತದೆ. ಪೆಟ್ಟಿಗೆಗೆ ಬಾಡಿಗೆ ಬೇರೆ, ಅದರ ಮೇಲೆ ಎತ್ತಿದ ಸಾಲಕ್ಕೆ ಬಡ್ಡಿ ಬೇರೆ. ಉಳಿದರ್ಧವನ್ನು ಔಷಧಿ ಅಂಗಡಿಯ ಬಾಕಿಗೆ, ಕೂಲಿಗೆ, ಏಪ್ರಿಲ್ ಚಾಟ್ನಿಯ ಖರ್ಚಿಗೆಂದು ಬಂದ ಬೆಲೆಗೆ ಬಿಟ್ಟಿದ್ದರು. ಶೀತಲಗೃಹ ಅವರ ಅಟ್ಟ, ಅಟ್ಟಕ್ಕೆ ಬಾಡಿಗೆ ಇದೆ ಅಷ್ಟೇ ವ್ಯತ್ಯಾಸ. ಸಣ್ಣ ಹಿಡುವಳಿಯವರಿಗೆ ಅದೂ ಇಲ್ಲ.

ನಮ್ಮ ಸಂಘದ ಗೋದಾಮಿನಲ್ಲಿ ಅಡಿಕೆ, ಕಾಫಿ, ಮೆಣಸು ಇಟ್ಟು ಅಡಮಾನ ಸಾಲ ಪಡೆಯುವ ಸೌಲಭ್ಯ ಇದ್ದೇ ಇದೆ. ಆದರೆ ಬಳಸುವವರು ಬಹುಮಟ್ಟಿಗೆ ಅದಿಲ್ಲದಿದ್ದರೂ ಕಾಯಬಲ್ಲವರು. ಐದು ಮೂಟೆಯವನು ಗೋದಾಮಿನವರೆಗೆ ಬರುವುದೇ ಇಲ್ಲ, ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಟ್ಟುಬಿಡುತ್ತಾನೆ. ಸಾಗಣೆಯ ಖರ್ಚು, ಅರ್ಜಿ, ಜಾಮೀನು, ಎರಡು ದಿನದ ಓಡಾಟ ಅವನಿಗೆ ದುಬಾರಿ. ಐದು ಮೂಟೆಯಿಂದ ಹತ್ತು ಮೂಟೆಯವರೆಗಿನ ಸದಸ್ಯರ ಮನೆಯಿಂದಲೇ ಮಾಲು ತಂದು ತೂಗಿ, ರಸೀದಿಯ ಜೊತೆಗೇ ಮುಂಗಡವನ್ನು ಕೈಗೆ ಕೊಡುವುದು ಸಾಧ್ಯವೇ ಎಂಬ ಲೆಕ್ಕವನ್ನು ನಾನು ಹಾಕಿದ್ದೇನೆ. ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡುತ್ತೇನೆ. ಸಂಘಕ್ಕೆ ಇದರಲ್ಲಿ ಲಾಭ ಕಡಿಮೆ, ಮೊದಲ ವರ್ಷ ಸ್ವಲ್ಪ ನಷ್ಟವೂ ಆಗಬಹುದು. ಮರೆಮಾಚಿ ಹೇಳುವುದರಲ್ಲಿ ಅರ್ಥವಿಲ್ಲ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ಬರೆದು ತಿಳಿಸಬೇಕು.

ಹೊರಡುವಾಗ ಯಜಮಾನರು ಒಂದು ಪೆಟ್ಟಿಗೆ ಮಣೂಕ ಕಾರಿಗೆ ಇಡಿಸಿದರು, ಹಣ ಬೇಡವೆಂದರು. ಬಲವಂತ ಮಾಡಿ ಕೊಟ್ಟೆ. ಮಲೆನಾಡಿನಲ್ಲಿ ಅದನ್ನು ಇಡಲು ಶೀತಲಗೃಹ ಎಲ್ಲಿಂದ ಬರಬೇಕು? ಅರ್ಧವನ್ನು ನೆಂಟರಿಗೆ ಹಂಚಿ, ಉಳಿದದ್ದನ್ನು ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟೆವು. ಆಷಾಢದ ಮಳೆ ಕಳೆದು ತೆಗೆದು ನೋಡಿದರೆ ಹಸಿರೆಲ್ಲ ಹೋಗಿ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬಾಯಿಗೆ ಹಾಕಿಕೊಂಡರೆ ರುಚಿ ಮೊದಲಿಗಿಂತ ದಟ್ಟ. ನಮ್ಮ ಮಾನ್ಸೂನ್ಡ್ ಮಲಬಾರ್ ಕಾಫಿ ನೆನಪಾಯಿತು. ಹಾಯಿ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗುವಾಗ ತೇವ ಹಿಡಿದು ಬಿಳಿಚಿಕೊಂಡ ಕಾಫಿಯ ರುಚಿಗೆ ಯುರೋಪಿನವರು ಒಗ್ಗಿಹೋಗಿ, ಹಡಗುಗಳು ಬೇಗ ತಲುಪುವಂತಾದಾಗ ಆ ದೋಷವನ್ನೇ ಕೇಳಿ ಮಾಡಿಸಿಕೊಂಡರಲ್ಲ, ಈಗಲೂ ಕರಾವಳಿಯ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಬೀಜ ಹರವುತ್ತಾರಲ್ಲ, ಅದು. ಯಜಮಾನರಿಗೆ ಫೋನು ಮಾಡಿ ಬಣ್ಣ ಕೆಟ್ಟರೂ ರುಚಿ ಹೆಚ್ಚಿದೆ ಎಂದು ತಿಳಿಸಿದೆ.

"ಮಾರಾಕ ಬರೂದಿಲ್ರೀ ಅದು" ಎಂದರು. "ನೀವ ತಿಂದ ಬಿಡ್ರಿ."